‘ನಡೀತೈತಲ್ಲ’ ಎಂದ ಶ್ರೀಮಂತ ಮತ್ತು ಸತ್ತ ಸರ್ವರ್

ಇವತ್ತಿನ ಪ್ರವಚನಕ್ಕೆ ಒಂದು ಕತೆ. ಒಬ್ಬ ಶ್ರೀಮಂತನಿದ್ದ. ಯಾವ ಊರಿನವನು ಅಂತ ಕೇಳಬೇಡಿ, ಹುಡುಕಿದರೆ ನಿಮ್ಮ ನಿಮ್ಮ ಓಣಿಯಲ್ಲೇ ಒಬ್ಬೊಬ್ಬ ಸಿಕ್ಕಾನು. ಅವನಿಗೆ ಮೂರು ಆಸ್ಪತ್ರೆ. ಒಂದೊಂದು ಆಸ್ಪತ್ರೆಗೂ ಒಂದೊಂದು ದೊಡ್ಡ ಕಂಪ್ಯೂಟರು, ಸರ್ವರ್ ಅನ್ನುತ್ತಾರಲ್ಲ, ಅದು. ಯಾರಿಗೆ ಯಾವ ಕಾಯಿಲೆ, ಯಾರಿಗೆ ಯಾವ ಔಷಧಿ ಆಗಿಬರುವುದಿಲ್ಲ, ಎಲ್ಲವೂ ಮೂರರಲ್ಲೂ ಇರುತ್ತಿತ್ತು. ಹೊಸದೇನಾದರೂ ಬರೆದುಕೊಳ್ಳಬೇಕಾದರೆ ಮೂರರಲ್ಲಿ ಎರಡಾದರೂ ಒಪ್ಪಬೇಕು. ಒಂದೇ ಉಳಿದರೆ ಅದು ಹಳೆಯದನ್ನು ಹೇಳೀತು, ಹೊಸದನ್ನು ಬರೆದುಕೊಳ್ಳಲಾರದು. ನೋಡಿ, ನಾನು ಹೇಳಿದ್ದೇ ಸರಿ ಎಂದು ಒಬ್ಬಂಟಿ ಹಟ ಹಿಡಿಯುವ ಬುದ್ಧಿ ಯಂತ್ರಕ್ಕಿಲ್ಲ. ಅದನ್ನು ದೇವರು ನಮಗೆ ಮಾತ್ರ ಕೊಟ್ಟಿದ್ದಾನೆ.

ಅವುಗಳಲ್ಲಿ ಒಂದು ಆಸ್ಪತ್ರೆಯ ಬಾಗಿಲಲ್ಲಿ ಹೂ ಮಾರುವವಳೊಬ್ಬಳಿದ್ದಳು. ಮೊದಲ ಹೆರಿಗೆಯಲ್ಲಿ ಅವಳಿಗೆ ಯಾವುದೋ ಇಂಜೆಕ್ಷನ್ ಕೊಟ್ಟಾಗ ಉಸಿರು ಕಟ್ಟಿ, ಹೋದ ಜೀವ ಮರಳಿ ಬಂದಿತ್ತು. ಆ ಇಂಜೆಕ್ಷನ್ನಿನ ಹೆಸರನ್ನು ಆಗಿದ್ದ ಡಾಕ್ಟರು ಕಂಪ್ಯೂಟರಿಗೆ ಹಾಕಿದ್ದರು. ಈಗ ಅವಳು ಮತ್ತೆ ಬಸುರಿ. ಅವಳ ಪ್ರಾಣ ಇದ್ದದ್ದು ಆ ಒಂದು ಸಾಲಿನಲ್ಲಿ.

ಒಂದು ಬೆಳಿಗ್ಗೆ ಮೂರರಲ್ಲಿ ಒಂದು ಸರ್ವರ್ ಸತ್ತಿತು. ಆಸ್ಪತ್ರೆ ನಿಂತಿತೇ? ಇಲ್ಲ. ಸತ್ತದ್ದರ ಕೆಲಸವನ್ನೂ ಉಳಿದೆರಡು ಹೊತ್ತುಕೊಂಡವು. ಯಾರಿಗೂ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಅವುಗಳನ್ನು ನೋಡಿಕೊಳ್ಳುವ ಹೆಣ್ಣುಮಗಳಿಗೆ. ಅವಳು ಶ್ರೀಮಂತನ ಕೋಣೆಗೆ ಬಂದಳು.

“ಸಾರ್, ಒಂದು ಪೂರ್ತಿ ಹೋಗೈತೆ. ಅದರ ಜಾಗಕ್ಕೆ ಹೊಸದು ತರ್ಸಿ. ಎರಡು ಬದುಕಿರುವಾಗ್ಲೇ ತಂದ್ರೆ ಅದಕ್ಕೆ ಎಲ್ಲಾ ತುಂಬೋ ಕೆಲಸ ಎರಡೂ ಹಂಚ್ಕಂತವೆ.”

“ಏನಾದ್ರೂ ನಿಂತೈತೇನಮ್ಮ?”

“ನಿಂತಿಲ್ಲ ಸಾರ್.”

“ಮತ್ತೆ? ನಡೀತೈತಲ್ಲ!”

ಶ್ರೀಮಂತನಿಗೆ ಒಳಗೊಳಗೇ ಖುಷಿ. ಎರಡೇ ಸಾಕಾಗುತ್ತಿತ್ತು, ಮೂರು ಕೊಂಡು ತಾನು ಮೋಸ ಹೋಗಿದ್ದೆ ಅಂದುಕೊಂಡ. ಅವಳು ಇನ್ನೊಮ್ಮೆ ಬಂದಾಗ, “ಒಂದೇ ರಾಗ ಎಷ್ಟು ಸಲ ಹಾಡ್ತೀಯಮ್ಮ?” ಎಂದು ಗದರಿದ. ಅವಳು ಸುಮ್ಮನಾದಳು. ಅವಳನ್ನೂ ನಾನು ಬಿಡುವುದಿಲ್ಲ. ಕಣ್ಣಾರೆ ಕಂಡ ಮೇಲೂ ಬೈಸಿಕೊಳ್ಳಲು ಹೆದರಿ ಬಾಯಿ ಹೊಲಿದುಕೊಂಡು ಕೂರುವುದು ಯಾವ ಸೀಮೆಯ ಮರ್ಯಾದೆ?

ಮೂವರ ಕೆಲಸ ಇಬ್ಬರು ಎಷ್ಟು ದಿನ ಮಾಡಿಯಾರು? ಎರಡನೆಯದೂ ಏದುಸಿರು ಬಿಟ್ಟು ಮಲಗಿತು. ಆಗ ಶ್ರೀಮಂತ ಓಡಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು! ಹೊಸ ಸರ್ವರ್ ತರಿಸಿದ, ಕುಂಕುಮ ಹಚ್ಚಿದ, ಕಾಯಿ ಒಡೆದ. ಕಾಯಿ ಒಡೆದರೆ ಅದಕ್ಕೆ ಹೂವಿನವಳ ವಿಷಯ ಗೊತ್ತಾಗುತ್ತದೆಯೇ? ಅದು ಬರಿದು. ತುಂಬಬೇಕಾದದ್ದು ಯಾರು? ದಣಿದು ನಿಂತಿದ್ದ ಆ ಒಂದೇ ಒಂದು.

“ಇವತ್ತೊಂದು ದಿನ ಇದನ್ನ ಬೇರೆ ಏನೂ ಕೇಳ್ಬೇಡಿ ಸಾರ್. ಇವತ್ತು ಆಸ್ಪತ್ರೆ ಇಲ್ಲ ಅಂತ ಬಾಗಿಲಿಗೆ ಬೋರ್ಡ್ ಹಾಕ್ಸಿ. ಹೊಸದಕ್ಕೆ ಎಲ್ಲಾ ಕೊಟ್ಟು ಮುಗಿಸ್ಲಿ” ಎಂದು ಆ ಹೆಣ್ಣುಮಗಳು ಕೈಮುಗಿದಳು.

ಶ್ರೀಮಂತ ಹೊರಗಿನ ಸಾಲು ನೋಡಿದ. ಬೋರ್ಡ್ ಹಾಕಿದರೆ ಊರವರ ಮುಂದೆ ತಲೆ ತಗ್ಗಿಸಬೇಕು. ಅವನಿಗೆ ಅದೊಂದೇ ಸಂಕಟ.

“ಬ್ಯಾಡ. ಅದೂ ನಡೀಲಿ, ಇದೂ ನಡೀಲಿ” ಎಂದ.

ಅದೂ ನಡೆಯಲಿಲ್ಲ, ಇದೂ ನಡೆಯಲಿಲ್ಲ. ಕಾಲುಭಾಗ ತುಂಬುವಷ್ಟರಲ್ಲಿ ಮೂರನೆಯದೂ ಸತ್ತಿತು. ಹೂವಿನವಳ ಸಾಲು ಆ ಕಾಲುಭಾಗದಲ್ಲಿ ಇರಲಿಲ್ಲ. ಬೇರೆ ಎಲ್ಲೂ ಒಂದು ಪ್ರತಿ ಇಟ್ಟಿರಲಿಲ್ಲವೇ ಅಂತೀರಾ? ಮೂರಿವೆಯಲ್ಲ ಅಂತ ಇಟ್ಟಿರಲಿಲ್ಲ!

ಈಗ ನೀವು ಅಂದುಕೊಳ್ಳುತ್ತಿದ್ದೀರಿ, ಶ್ರೀಮಂತನಿಗೇ ಎದೆನೋವು ಬರುತ್ತದೆ, ಬುದ್ಧಿ ಕಲಿಯುತ್ತಾನೆ ಅಂತ. ಮಾಡಿದ್ದುಣ್ಣೋ ಮಹಾರಾಯ ಅಂತ ಹೇಳಿಕೊಂಡು ಎಷ್ಟು ಹಾಯಾಗಿದ್ದೀರಿ! ಇಲ್ಲಿ ಮಾಡಿದವನೊಬ್ಬ, ಉಂಡವಳೊಬ್ಬಳು. ಅವತ್ತೇ ಮಧ್ಯಾಹ್ನ ಹೂವಿನವಳಿಗೆ ನೋವು ಕಾಣಿಸಿಕೊಂಡಿತು. ಆಪರೇಷನ್ ಮಾಡಲೇಬೇಕು. ಯಾವ ಇಂಜೆಕ್ಷನ್ ಕೊಡಬಾರದು ಎಂದು ಡಾಕ್ಟರು ಕೇಳಿದರೆ ಅವಳಿಗೆ ಮಾತಾಡುವ ಪ್ರಜ್ಞೆ ಇಲ್ಲ, ಗಂಡನಿಗೆ ಹೆಸರು ಗೊತ್ತಿಲ್ಲ. ಅವನು ಮೊಗಸಾಲೆಯಲ್ಲಿ ನಿಂತಿದ್ದ ಶ್ರೀಮಂತನ ಕೈ ಹಿಡಿದುಕೊಂಡ.

“ಹೋದ್ಸಲ ನೀವೇ ಬರ್ಕಂಡಿದ್ರಲ್ಲ ಸ್ವಾಮಿ? ನೋಡಿ ಹೇಳ್ರಿ. ಜಲ್ದಿ ನೋಡ್ರಿ.”

ಶ್ರೀಮಂತ ಕೈ ಬಿಡಿಸಿಕೊಂಡ. ಡಾಕ್ಟರು ಕಾಯುವಷ್ಟು ಕಾದು, ಯಾವುದೋ ಒಂದನ್ನು ಕೊಟ್ಟರು. ಮಗು ಉಳಿಯಿತು. ತಾಯಿ ಉಳಿಯಲಿಲ್ಲ.

ಆಮೇಲೆ ಶ್ರೀಮಂತ ಏನೆಂದ ಗೊತ್ತೇ? “ಮೂರೂ ಕೆಡ್ತವೆ ಅಂತ ಯಾರು ಕಂಡಿದ್ರು? ವಿಧಿ” ಎಂದ.

ವಿಧಿಯಂತೆ! ಒಂದು ಸತ್ತಾಗ ವಿಧಿ ಇವನ ಬಾಗಿಲು ತಟ್ಟಲಿಲ್ಲವೇ? ಎದುರಿಗೆ ನಿಂತು ಬಾಯಿಬಿಟ್ಟು ಹೇಳಲಿಲ್ಲವೇ? ತಾನು ಸೋಮಾರಿಯಾಗಿದ್ದು ದೇವರ ತಲೆಗೆ ಕಟ್ಟುವವನನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ತಲೆ ಅಲ್ಲಾಡಿಸುತ್ತಿದ್ದೀರಿ. ಶ್ರೀಮಂತ ಕೆಟ್ಟವನು, ಅಲ್ಲವೇ? ನಿಮ್ಮ ಮನೆಗೆ ಬನ್ನಿ. ಅತ್ತೆ ಹಾಸಿಗೆ ಹಿಡಿದಳು. ಅವಳ ಕೆಲಸ ಎಲ್ಲಿಗೆ ಹೋಯಿತು? ಸೊಸೆಯ ಹೆಗಲಿಗೆ. ಅತ್ತೆಯ ಆರೈಕೆ? ಅದೂ ಸೊಸೆಗೆ. ನೀವು ಹೊತ್ತಿಗೆ ಸರಿಯಾಗಿ ಉಂಡು, ಮನೆ ನಡೀತಿದೆ ಅಂತೀರಿ. ಸೊಸೆಯೂ ಬಿದ್ದ ದಿನ, ಯಾವ ಡಬ್ಬಿಯಲ್ಲಿ ಏನಿದೆ, ನಿಮ್ಮ ಅಮ್ಮನಿಗೆ ಯಾವ ಮಾತ್ರೆ ಯಾವ ಹೊತ್ತಿಗೆ ಎನ್ನುವುದು ನಿಮಗೆ ಗೊತ್ತೇ? ಗೊತ್ತಿದೆ ಅನ್ನುವವರು ಎದ್ದು ನಿಲ್ಲಿ ನೋಡೋಣ!

ಮನೆ ಬೇಡ, ಈ ಮಠದ ಅಡುಗೆಮನೆಗೇ ಬನ್ನಿ. ದಾಸೋಹಕ್ಕೆ ಮೂವರು ತಾಯಂದಿರು ರೊಟ್ಟಿ ಬಡಿಯುತ್ತಿದ್ದರು. ಚನ್ನವೀರಮ್ಮ ಲಿಂಗೈಕ್ಯರಾದರು. ನೀವು ಸಾಲಾಗಿ ಬಂದು ಹಾರ ಹಾಕಿದಿರಿ. ಅವರ ಜಾಗದಲ್ಲಿ ಯಾರಾದರೂ ಕೂತಿರಾ? ಈಗ ಕೊಟ್ರಮ್ಮನ ಮಣಿಕಟ್ಟು ಊದಿ, ಆಕೆ ಮನೆ ಸೇರಿದ್ದಾರೆ. ಇವತ್ತು ನೀವು ಹೊಗಳಿ ಹೊಗಳಿ ತಿಂದ ರೊಟ್ಟಿ ಹಾಲಮ್ಮ ಒಬ್ಬರೇ ಬಡಿದದ್ದು. ನನಗೂ ಈ ಬೆಳಿಗ್ಗೆಯೇ ಗೊತ್ತಾದದ್ದು.

ಇವತ್ತೇ ಮನೆಯಲ್ಲಿ ಯಾರು ಯಾರ ಕೆಲಸ ಹೊತ್ತಿದ್ದಾರೆ ನೋಡಿ. ಬಿದ್ದವರ ಜಾಗಕ್ಕೆ ನಾಳೆಯೇ ನೀವು ನಿಲ್ಲಿ. ನಿಂತವರು ಬೀಳುವ ಮುಂಚೆ, ಅವರಿಗೆ ಬೇರೆ ಕೆಲಸ ಹೇಳದೆ, ಪಕ್ಕದಲ್ಲಿ ಕೂತು ಕಲಿಯಿರಿ.

ಮಂಗಳಾರತಿ ಆಮೇಲಾಗಲಿ. ಈಗ ಹಾಲಮ್ಮನ ಹತ್ತಿರ ಹೋಗಿ ಹಿಟ್ಟು ನಾದುವವರು ಯಾರು? ಕೈ ಎತ್ತಿ.

ಹೆಂಗಸರು ಕೈ ಇಳಿಸಿ. ನಾನು ಕೇಳಿದ್ದು ಗಂಡಸರನ್ನು.