ಉಜ್ಜುವ ಶೆಡ್ಡಿನ ಧೂಳು

ಮರಗೆಲಸದ ಊರು ಜೆಪಾರಾದ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಹೊರದೇಶಕ್ಕೆ ಹೋಗುವ ತೇಗದ ಕುರ್ಚಿಗಳನ್ನು ಉಜ್ಜಿ ನುಣುಪು ಮಾಡುವವರು.

“ಗಾಳಿ ಮೈಗೆ ಹೊಕ್ಕಿದೆ ಅಷ್ಟೇ, ರುಮಿಯಾತಿ. ಅದು ಹೊರಹೋಗಲಿ ಅಂತ ಬೆನ್ನ ಮೇಲೆ ನಾಣ್ಯ ತೀಡಿದ್ದೆನಲ್ಲ?”

“ಬೆನ್ನೆಲ್ಲ ಕೆಂಪು ಬರೆ ಬಿತ್ತು ಚಿಕ್ಕಮ್ಮ, ಕಟ್ಟಿದ ಮೂಗು ಬಿಡಲಿಲ್ಲ. ಕೆನ್ನೆಮೂಳೆ ಒಳಗೆ ಕೀವು ತುಂಬಿದೆಯಂತೆ.”

“ಮಾತ್ರೆಗೆ ವಾಸಿಯಾಗಿತ್ತಲ್ಲೇ!”

“ಆಗುತ್ತೆ, ಶೆಡ್ಡಿಗೆ ಹೋದ್ರೆ ಮತ್ತೆ ಬರುತ್ತೆ. ಮರದ ಧೂಳು ನನಗೆ ಅಲರ್ಜಿ. ಮೂಗು ಒಳಗೇ ಊದಿ ದಾರಿ ಕಟ್ಟುತ್ತೆ, ಒಳಗಿನದು ಅಲ್ಲೇ ಕೊಳೆಯುತ್ತೆ ಅಂದ್ರು ಡಾಕ್ಟರು. ದಿನಾ ಉಪ್ಪುನೀರಲ್ಲಿ ಮೂಗು ತೊಳಿ, ಸ್ಪ್ರೇ ಹಾಕು, ಧೂಳಿಂದ ದೂರ ಇರು ಅಂದ್ರು.”

“ದೂರ ಇದ್ದು ಮಣ್ಣು ತಿಂತೀಯಾ?”

“ನಿನ್ನೆ ಅನ್ನ ಸೀದು ಕರಕಲಾಯ್ತು. ಪಕ್ಕದಲ್ಲೇ ಇದ್ದೆ, ವಾಸನೆ ಗೊತ್ತಾಗಲಿಲ್ಲ. ನನ್ನ ಕೂಸಿನ ಮೈವಾಸನೇನೂ ಗೊತ್ತಾಗಲ್ಲ.”

ಚಿಕ್ಕಮ್ಮ ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡಳು.

“ಕುರ್ಚಿಗೆ ಧೂಳು ಕೂರಬಾರದು ಅಂತ ಪ್ಲಾಸ್ಟಿಕ್ ಹೊದಿಸ್ತಾರೆ ಚಿಕ್ಕಮ್ಮ. ನಮ್ಮ ಮೂಗಿಗೆ ಏನು ಕೊಟ್ಟಿದಾರೆ? ಧೂಳು ಹೊರಗೆಳೆಯೋ ಫ್ಯಾನ್ ಹಾಕಿಸಿ ಅಂತ ಕೇಳ್ತೀನಿ.”

“ರೋಗಿಷ್ಟೆ ಅಂತ ಮನೆಗೆ ಕಳಿಸ್ತಾನೆ ಮಾಲೀಕ.”

“ಒಬ್ಬಳೇ ಕೇಳಿದ್ರೆ ಕಳಿಸ್ತಾನೆ. ಮೂಗು ಸೋರದವರು ಯಾರಿದಾರೆ ನಮ್ಮ ಶೆಡ್ಡಲ್ಲಿ? ನಿಮ್ಮದನ್ನೇ ನೋಡಿಕೊಳ್ಳಿ.”

ಒಳಗಿನಿಂದ ರುಮಿಯಾತಿಯ ಹೆಸರು ಕರೆದರು.

“ಏಳಿ, ನೀವೂ ತೋರಿಸಿ.”

ಚಿಕ್ಕಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು.

“ಮಾಲೀಕನ ಹತ್ರ ನೀನು ಬಾಯಿಬಿಡಬೇಡ. ಎಲ್ಲರನ್ನೂ ಕರಕೊಂಡು ಹೋಗೋಣ, ಮೊದಲ ಮಾತು ನಾನಾಡ್ತೀನಿ. ಹಿರಿಯಳು ನಾನು.”

ಇಬ್ಬರೂ ಒಳಗೆ ಹೋದರು.