ಹೊಲದ ಸೊಪ್ಪು

ಆಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಗೆ ಪಕ್ಕದ ಅತ್ತೆ-ಸೊಸೆಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಸೊಸೆ ಆಗಷ್ಟೇ ಡಾಕ್ಟರನ್ನು ಕಂಡು ಬಂದಿದ್ದಳು. ಪುಟ್ಟ ಮಗಳು ಅವಳ ಹೆಗಲಿಗೆ ಒರಗಿದ್ದಳು.

"ಮಗು ರಕ್ತದಲ್ಲಿ ಸೀಸ ಇದೆಯಂತೆ ಅತ್ತೆ. ಬ್ಯಾಟರಿ ಕಾರ್ಖಾನೆ ನೀರು ನಮ್ಮ ಹೊಲಕ್ಕೆ ಇಳಿದು, ಮಣ್ಣಿಂದ ಸೊಪ್ಪಿಗೆ ಬಂದಿದೆಯಂತೆ."

"ಚೆನ್ನಾಗಿ ತೊಳೆದೇ ಬೇಯಿಸ್ತಿದ್ದೆನಲ್ಲೇ."

"ತೊಳೆದರೆ ಹೋಗೋದಲ್ವಂತೆ."

"ಅಂಗಡಿ ಸೊಪ್ಪು ಬೇಡ ಅಂತ ಹಟ ಹಿಡಿದೋಳು ನಾನೇ."

"ನಿಮಗೇನು ಕನಸು ಬಿದ್ದಿತ್ತಾ?"

"ಮಗು ಕಲಿತ ಮಾತೆಲ್ಲ ಮರೀತಿದಾಳಲ್ಲ, ಈ ಸೀಸದಿಂದಾನೇನಾ?"

"ಹೂಂ."

"ವಾಪಸ್ ಬರತ್ತಾ?"

"ಹೇಳಕ್ಕಾಗಲ್ಲ ಅಂದ್ರು."

ನರ್ಸ್ ಮಗುವನ್ನು ಮತ್ತೆ ರಕ್ತ ಪರೀಕ್ಷೆಗೆ ಕರೆದಳು. ಮಗು ಅಜ್ಜಿಯತ್ತ ಕೈ ಚಾಚಿತು.

"ನೀನೇ ಎತ್ಕೋ. ನನ್ನ ಕೈ ಬೇಡ ಅದಕ್ಕೆ."

ಸೊಸೆ ಮಗುವನ್ನು ಅತ್ತೆಯ ತೋಳಿಗೇ ಒಪ್ಪಿಸಿದಳು. ಮೂವರೂ ಒಳಗೆ ಹೋದರು.