ನೀರಿಲ್ಲದೆ ನೀರಾದ ಗೊಬ್ಬರ

ಮಾನ್ಯ ಅಧ್ಯಕ್ಷರಾದ ಅಮರಗುಂಡಪ್ಪನವರೇ, ಇಂದು ಸನ್ಮಾನಗೊಂಡಿರುವ ನನ್ನ ಗುರುಗಳು ಕರಿಬಸಯ್ಯ ಮಾಸ್ತರರೇ, ಲಿಂಗಸುಗೂರಿನ ಹಿರಿಯರೇ, ಮಸ್ಕಿಯಿಂದ ಬಂದಿರುವ ಸಭಿಕರೇ,

ಆದಪ್ಪ ಬಡತನದಿಂದ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ಎಂದು ಈಗಷ್ಟೇ ನನ್ನ ಪರಿಚಯ ಮಾಡಿಕೊಟ್ಟರು. ನಾಲ್ಕು ವರ್ಷ ನಾನೂ ಹಾಗೆಯೇ ಹೇಳಿಕೊಂಡು ಬಂದೆ. ಕೇಳಿದವರು ಅಯ್ಯೋ ಪಾಪ ಎಂದು ಸುಮ್ಮನಾಗುತ್ತಿದ್ದರು. ಅದು ನಿಜವಲ್ಲ. ನಾನು ಶಾಲೆ ಬಿಟ್ಟದ್ದು ಮಾಸ್ತರರ ಒಂದು ಮಾತಿನಿಂದ.

ಗುರುಗಳನ್ನು ಹೊಗಳಿ ಐದು ನಿಮಿಷ ಮಾತಾಡು ಎಂದು ಹೇಳಿ ನನ್ನನ್ನು ಕರೆಸಿದ್ದಾರೆ. ಹೊಗಳಲು ಬೇಕಾದಷ್ಟಿದೆ. ತಡವಾಗಿ ಬಂದವರಿಂದ ಮಾಸ್ತರರು ಬೇವಿನ ಸಸಿಗೆ ನೀರು ಹಾಕಿಸುತ್ತಿದ್ದರು. ಈಗ ಅದು ಮರವಾಗಿದೆ. ಅದರಲ್ಲಿ ಅರ್ಧ ಮರ ನನ್ನದು.

ಎಂಬತ್ತೊಂಬತ್ತರ ಬೇಸಿಗೆ. ನಮ್ಮವ್ವ ಗದ್ದೆಮ್ಮ ಮಸ್ಕಿಯಲ್ಲಿ ಅಧ್ಯಕ್ಷರ ಗೊಬ್ಬರದ ಅಂಗಡಿಯ ಕಸ ಹೊಡೆಯುತ್ತಿದ್ದಳು. ಹರಿದ ಚೀಲಗಳಿಂದ ಉದುರಿದ್ದನ್ನು ಬಳಿದು ಡ್ರಮ್ಮಿಗೆ ತುಂಬುವುದು ಅಲ್ಲಿಯ ರೂಢಿ. ಆ ವರ್ಷ ಯೂರಿಯಾದ ಪಕ್ಕದಲ್ಲಿ, ಕೋಳಿ ದಾಣಿಗೆ ಬೆರೆಸುವ ಕೋಲಿನ್ ಎಂಬ ಪುಡಿಯ ಚೀಲಗಳೂ ಬಂದಿದ್ದವು. ಎರಡೂ ಬಿಳಿ. ಅವ್ವ ಎರಡನ್ನೂ ಒಂದೇ ಡ್ರಮ್ಮಿಗೆ ಹಾಕಿದಳು. ವಾರದೊಳಗೆ ಡ್ರಮ್ಮಿನಲ್ಲಿ ಪುಡಿ ಇರಲಿಲ್ಲ, ಅಂಟಂಟಾದ ನೀರಿತ್ತು.

"ಯೂರಿಯಾ ಮಾರ್ಕೊಂಡು ನೀರು ಸುರುವ್ಯಾಳ" ಎಂದರು ಅಮರಗುಂಡಪ್ಪನವರು.

"ಯಪ್ಪಾ, ಕುಡ್ಯಾಕ ನೀರಿಲ್ಲ, ಡ್ರಮ್ಮಿಗೆ ಎಲ್ಲಿಂದ ತಂದು ಸುರುವಲಿ?" ಎಂದಳು ಅವ್ವ.

ಓದಿದವರನ್ನು ಕೇಳೋಣ ಎಂದು ಮಾಸ್ತರರನ್ನು ಕರೆಸಿದರು. ಅವರು ಬೆರಳದ್ದಿ ನೋಡಿ, "ಒಣಾ ಪದಾರ್ಥ ತಾನ ನೀರಾಗಂಗಿಲ್ಲ. ಯಾರರ ನೀರು ಹಾಕಿರಬೇಕು" ಎಂದರು. ಅಷ್ಟೇ. ಕಳ್ಳಿ ಎಂದು ಅವರು ಅನ್ನಲಿಲ್ಲ. ಅನ್ನುವವರಿಗೆ ಅಷ್ಟು ಸಾಕಾಗಿತ್ತು. ಅವ್ವನ ಕೆಲಸ ಹೋಯಿತು. ಮರುದಿನ ಮಾಸ್ತರರು ನನ್ನ ಹಾಜರಿ ಕರೆದಾಗ ಹಿಂದಿನ ಬೆಂಚಿನಿಂದ ಒಬ್ಬ, "ಯಸ್ ಸರ್ ಅನ್ನಬ್ಯಾಡಲೇ, ನೀರು ಹಾಕೀವ್ರಿ ಅನ್ನು" ಎಂದ. ಕ್ಲಾಸೆಲ್ಲ ನಕ್ಕಿತು. ನಾನು ಎದ್ದು ಹೊರಟುಹೋದೆ.

ಆಮೇಲೆ ಜವಳಗೇರಾದ ಕೋಳಿ ಫಾರ್ಮಿನಲ್ಲಿ ದುಡಿದೆ. ಅಲ್ಲಿ ಅದೇ ಕೋಲಿನ್ ಚೀಲ ಕಂಡೆ. ಒಣಗಿಸಿದ ಬಾಟಲಿಯಲ್ಲಿ ಅದನ್ನೂ ಯೂರಿಯಾವನ್ನೂ ಕೂಡಿಸಿ, ಬಿರಡೆ ಬಿಗಿದು, ಬಿಸಿಲಿಗಿಟ್ಟೆ. ಒಂದು ಹನಿ ನೀರಿಲ್ಲದೆ ಎರಡೂ ಕರಗಿ ದ್ರವವಾದವು. ಬಾಟಲಿ ಹಿಡಿದು ಮಾಸ್ತರರ ಮನೆಗೆ ಓಡಿದೆ.

ಅವರಿಗಾದ ಸಂತೋಷವನ್ನು ನಾನು ಮುಚ್ಚಿಡಲಾರೆ. ರಜೆ ಬಂದಾಗಲೆಲ್ಲ ಇಬ್ಬರೂ ಕೂತು ಪ್ರಯೋಗ ಮಾಡಿದೆವು. ತಾಮ್ರದ ಕಿಲುಬನ್ನು ಬರೀ ನೀರಿಗೆ ಹಾಕಿದರೆ ತಳದಲ್ಲಿ ಕೂತುಬಿಟ್ಟಿತು. ಈ ದ್ರವಕ್ಕೆ ಹಾಕಿದರೆ ಕರಗಿ ಹಸಿರಾಯಿತು. ಆದರೆ ಚಳಿಯ ಮುಂಜಾನೆ ದ್ರವ ಬೆಲ್ಲದ ಪಾಕದಂತೆ ಗಟ್ಟಿ. ಇಡೀ ದಿನ ಕಾದರೂ ಹಸಿರು ಅಷ್ಟಕ್ಕಷ್ಟೇ. ಬಾಟಲಿಯನ್ನು ಬಿಸಿನೀರಿನಲ್ಲಿ ಇಳಿಬಿಟ್ಟರೆ ಚಹ ಆರುವುದರೊಳಗೆ ಬಣ್ಣ ಬಂತು. "ಯಾಕ್ರಿ ಸರ?" ಎಂದೆ.

"ಸಿಂಧನೂರು ಬಸ್ಸಿನ್ಯಾಗ ನೀ ಹಿಂದ ನಿಂತೀದಿ, ನಿಮ್ಮವ್ವ ಬಾಗಿಲದಾಗ ಅದಾಳ. ನೀವಿಬ್ಬರು ಕೂಡೋದು ನಿಮ್ಮ ಕೈಯಾಗ ಐತೇನು? ನಡುವಿನ ಮಂದಿ ಸರೀಬೇಕು. ಬಿಸಿ ಆದ್ರ ಈ ದ್ರವ ಲಗೂನ ಸರದು ದಾರಿ ಬಿಡತೈತಿ. ಕೂಡೋ ಪದಾರ್ಥ ಅಷ್ಟ ನೋಡಿದ್ರ ಸಾಲದಲೇ ಆದಪ್ಪ, ನಡುವಿನ ದ್ರವ ಹೆಂಗ ಅಳ್ಳಾಡತೈತಿ ಅದನ್ನೂ ನೋಡಬೇಕು."

ಇಂಥ ಪಾಠ ಶಾಲೆಯಲ್ಲೇ ಸಿಕ್ಕಿದ್ದರೆ ಶಾಲೆ ಬಿಡುತ್ತಿರಲಿಲ್ಲ ಎನ್ನಲೇ? ಸುಳ್ಳಾಗುತ್ತದೆ. ಆಗಲೂ ಬಿಡುತ್ತಿದ್ದೆ.

ಆ ಪ್ರಯೋಗಕ್ಕೇ ರಾಯಚೂರಿನ ವಿಜ್ಞಾನ ಮೇಳದಲ್ಲಿ ಮಾಸ್ತರರಿಗೆ ಬಹುಮಾನ ಬಂತು. ಈ ಶಾಲು, ಈ ಹಾರ ಅದಕ್ಕೇ. ಅದರಲ್ಲಿ ನನಗೆ ಪಾಲು ಬೇಡ. ನಾನು ಕೇಳಿದ್ದು ಒಂದೇ: "ಸರ, ಅವ್ವ ನೀರು ಹಾಕಿದ್ದಿಲ್ಲಂತ ಅಂಗಡಿಯವರಿಗೆ ಒಂದು ಮಾತು ಹೇಳ್ರಿ." ಕೇಳಿದಾಗಲೆಲ್ಲ, "ಹೇಳೂಣು ತಡಿ, ಸಮಯ ಬರಲಿ" ಎಂದರು.

ಸಮಯ ಬಂದಿಲ್ಲವೇ? ಹೇಳಬೇಕಾದವರೂ ಕೇಳಬೇಕಾದವರೂ ಒಂದೇ ವೇದಿಕೆಯಲ್ಲಿ ಕೂತಿದ್ದಾರೆ. ನಡುವೆ ಒಂದು ಖಾಲಿ ಕುರ್ಚಿಯೂ ಇಲ್ಲ. ಮಾಸ್ತರರೇ, ಮೈಕನ್ನು ನಿಮ್ಮ ಕಡೆ ತಿರುಗಿಸುತ್ತೇನೆ. ಗದ್ದೆಮ್ಮ ನೀರು ಹಾಕಿರಲಿಲ್ಲ. ಮೂರೇ ಶಬ್ದ.

ಮಾಸ್ತರರು ಹಾರ ಸರಿಮಾಡಿಕೊಳ್ಳುತ್ತಿದ್ದಾರೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇರಲಿ. ನಾನೇ ಹೇಳಿದ್ದಾಯಿತು, ಆದರೆ ಅದನ್ನು ಮಗನ ಮಾತು ಎನ್ನುತ್ತೀರಿ. ಈ ನಾಲ್ಕು ವರ್ಷದಲ್ಲಿ ಮಸ್ಕಿಯ ಬಜಾರಿನಲ್ಲಿ ಒಬ್ಬರೂ ಅವಳ ಕೈಗೆ ಕಸಬರಿಗೆ ಕೊಡಲಿಲ್ಲ. ಇವತ್ತು ನೀನೂ ಬಾ ಎಂದರೆ, "ನಾ ಬಂದ್ರ ಮಾಸ್ತರಿಗೆ ಸನ್ಮಾನದ ಊಟ ಗಂಟಲಾಗ ಇಳೀತದೇನೋ? ಬ್ಯಾಡ ಬಿಡು" ಎಂದಳು.

ನಡುವೆ ತಡೆಯದೆ ಇಷ್ಟು ಹೊತ್ತು ಕೇಳಿದಿರಿ, ಅದಕ್ಕೆ ನಿಮಗೆಲ್ಲ ಧನ್ಯವಾದ. ನಾಳೆ ಮುಂಜಾನೆಯ ಬಸ್ಸಿಗೆ ಅವ್ವನನ್ನು ಕರೆದುಕೊಂಡು ನಾನು ಊರು ಬಿಟ್ಟು ಬಳ್ಳಾರಿಗೆ ದುಡಿಯಲು ಹೋಗುತ್ತಿದ್ದೇನೆ. ನಮಸ್ಕಾರ.